ಮಂಕೀಸ್ ಪಾ (1933)

ಅಮೆರಿಕದ ಆರ್‌ಕೆಓ ಸ್ಟುಡಿಯೊ 1933ರ ಜನವರಿಯಲ್ಲಿ ತೆರೆಗೆ ತಂದ ಭಯಾನಕ ಚಿತ್ರ ‘ದಿ ಮಂಕೀಸ್ ಪಾ’. ಅವಧಿ ಒಂದು ಗಂಟೆಗೂ ಕಡಿಮೆ. ಇಂಗ್ಲೆಂಡಿನ ಕತೆಗಾರ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಅವರ ಅದೇ ಹೆಸರಿನ ಸಣ್ಣಕಥೆಯೇ ಇದಕ್ಕೆ ಆಧಾರ. ನಿರ್ದೇಶಕ ವೆಸ್ಲಿ ರಗಲ್ಸ್. ಎರಡು ವರ್ಷ ಹಿಂದಷ್ಟೇ ಅವರ ‘ಸಿಮರಾನ್’ ಶ್ರೇಷ್ಠ ಚಿತ್ರಕ್ಕಿರುವ ಆಸ್ಕರ್ ಪಡೆದಿತ್ತು. ಕತೆ ನಡೆಯುವುದು ಇಂಗ್ಲೆಂಡಿನ ಒಂಟಿ ಮನೆಯೊಂದರಲ್ಲಿ. ಆದರೆ ಅದರ ಶಾಪ ಹೊರಡುವುದು ಭಾರತದಿಂದ, ಅದೂ ಒಬ್ಬ ಸೈನಿಕನ ಜೇಬಿನಲ್ಲಿ. ಹೀಗಾಗಿ ಬೆಂಗಳೂರಿನ ದಂಡು ಪ್ರದೇಶವನ್ನು ಬಲ್ಲವರಿಗೆ ಈ ಕತೆಯ ಅರ್ಧಭಾಗ ಪರಿಚಿತವೇ.

ಜೇಕಬ್ಸ್ (1863–1943) ಲಂಡನ್ನಿನ ವಾಪಿಂಗ್ ಬಂದರಿನ ಬಳಿ ಹುಟ್ಟಿದವರು. ತಂದೆಗೆ ಹಡಗುಕಟ್ಟೆಯಲ್ಲಿ ಕೆಲಸ. ಮಗ ಅಂಚೆ ಇಲಾಖೆಯ ಉಳಿತಾಯ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದುಕೊಂಡೇ ನಾವಿಕರ ನಗೆಗತೆಗಳನ್ನು ಬರೆದು ಹೆಸರು ಮಾಡಿದರು. ಬದುಕಿನುದ್ದಕ್ಕೂ ನಗಿಸಿದ ಈ ಲೇಖಕರನ್ನು ಜಗತ್ತು ಇಂದು ನೆನೆಯುವುದು 1902ರಲ್ಲಿ ‘ಹಾರ್ಪರ್ಸ್’ ಮಾಸಪತ್ರಿಕೆಯಲ್ಲಿ ಬಂದ ಈ ಒಂದು ಹೆದರಿಕೆಯ ಕತೆಗಾಗಿ. ಮರುವರ್ಷವೇ ಲೂಯಿ ಎನ್. ಪಾರ್ಕರ್ ಇದನ್ನು ಏಕಾಂಕ ನಾಟಕವಾಗಿಸಿದರು. ಸಿನಿಮಾದವರ ಕಣ್ಣು ಬೇಗ ಬೀಳಲು ಈ ನಾಟಕವೂ ಒಂದು ಕಾರಣ.

ಕತೆ ಸರಳ. ಮಳೆಗಾಳಿಯ ರಾತ್ರಿ ವೈಟ್ ದಂಪತಿ ಮತ್ತು ಅವರ ಮಗ ಹರ್ಬರ್ಟ್ ಒಲೆಯ ಮುಂದೆ ಕೂತಿರುತ್ತಾರೆ. ಭಾರತದಲ್ಲಿ 21 ವರ್ಷ ಕಳೆದು ಬಂದ ಸಾರ್ಜೆಂಟ್ ಮೇಜರ್ ಮಾರಿಸ್ ಮನೆಗೆ ಬರುತ್ತಾನೆ. ವಿಸ್ಕಿಯ ಮೂರನೆಯ ಗ್ಲಾಸಿಗೆ ಮಾತು ಸಡಿಲವಾಗುತ್ತದೆ. ಒಬ್ಬ ಫಕೀರ ಮಂತ್ರಿಸಿದ, ಒಣಗಿ ಸುಕ್ಕಾದ ಕೋತಿಯ ಪಂಜವನ್ನು ತೆಗೆದು ತೋರಿಸುತ್ತಾನೆ. ಮೂವರಿಗೆ ತಲಾ ಮೂರು ವರ ಕೊಡುವ ಶಕ್ತಿ ಅದಕ್ಕಿದೆ. ಅದನ್ನು ಮೊದಲು ಪಡೆದವನ ಮೂರನೆಯ ವರ ಸಾವು. ಮಾರಿಸ್ ಅದನ್ನು ಬೆಂಕಿಗೆ ಎಸೆದರೂ ವೈಟ್ ಹೆಕ್ಕಿಕೊಂಡು, ಇನ್ನೂರು ಪೌಂಡ್ ಬೇಡುತ್ತಾನೆ. ಮರುದಿನ ಹರ್ಬರ್ಟ್ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಕಂಪನಿ ಕೊಡುವ ಪರಿಹಾರ ಸರಿಯಾಗಿ ಇನ್ನೂರು ಪೌಂಡ್. ದಿನಗಳು ಕಳೆದ ಮೇಲೆ ತಾಯಿಯ ಹಟಕ್ಕೆ ಮಣಿದು ತಂದೆ ಮಗನನ್ನು ಮರಳಿ ಬೇಡುತ್ತಾನೆ. ನಡುರಾತ್ರಿ ಬಾಗಿಲು ತಟ್ಟುವ ಸದ್ದು. ತಾಯಿ ಕೆಳಗಿನ ಚಿಲಕ ತೆಗೆದು, ಮೇಲಿನದು ಕೈಗೆಟುಕದೆ ಕುರ್ಚಿ ಎಳೆದುಕೊಂಡು ಹತ್ತುತ್ತಿರುವಾಗ, ತಂದೆ ಕತ್ತಲಲ್ಲಿ ನೆಲ ತಡವಿ ಪಂಜ ಹುಡುಕಿ ಮೂರನೆಯ ವರ ಕೇಳುತ್ತಾನೆ. ಬಾಗಿಲು ತೆರೆದಾಗ ಹೊರಗೆ ಯಾರೂ ಇಲ್ಲ.

ಬಾಗಿಲಾಚೆ ನಿಂತಿದ್ದು ಏನು ಎಂಬುದನ್ನು ಜೇಕಬ್ಸ್ ತೋರಿಸುವುದೇ ಇಲ್ಲ. ಫಕೀರನನ್ನೂ ತೋರಿಸುವುದಿಲ್ಲ. ಭಾರತವೆಂಬುದು ಅಲ್ಲಿ ಒಬ್ಬ ನಿವೃತ್ತ ಸೈನಿಕನ ಬಾಯಿಮಾತು ಮಾತ್ರ.

ಅಂಥ ಬಾಯಿಮಾತು ಹುಟ್ಟುತ್ತಿದ್ದ ಜಾಗಗಳಲ್ಲಿ ಬೆಂಗಳೂರೂ ಒಂದು. 1799ರಲ್ಲಿ ಟಿಪ್ಪು ಪತನವಾದ ಬಳಿಕ ಶ್ರೀರಂಗಪಟ್ಟಣದಲ್ಲಿ ನೆಲೆಯೂರಿದ್ದ ಬ್ರಿಟಿಷ್ ಪಡೆ 1809ರ ಹೊತ್ತಿಗೆ ಹಲಸೂರಿನ ಪಕ್ಕ ಬಂದು ನೆಲೆಸಿತು. ಆರ್ಟಿಲರಿ ರಸ್ತೆ, ಇನ್‌ಫೆಂಟ್ರಿ ರಸ್ತೆ, ಇಂದು ಕಾಮರಾಜ ರಸ್ತೆಯಾಗಿರುವ ಕ್ಯಾವಲ್ರಿ ರಸ್ತೆ, ಇವೆಲ್ಲ ಸೇನೆ ಬಿಟ್ಟುಹೋದ ಹೆಸರುಗಳು. ಹಲಸೂರಿನ ಬಳಿಯ ಟ್ರಿನಿಟಿ ಚರ್ಚಿನ ಗೋಡೆಗಳಲ್ಲಿ ಸತ್ತ ಸೈನಿಕರ ಸ್ಮಾರಕ ಫಲಕಗಳಿವೆ. ಬದುಕುಳಿದು ಪಿಂಚಣಿ ಪಡೆದವರಲ್ಲಿ ಕೆಲವರು ಊರಿಗೆ ಮರಳಿದರು, ಕೆಲವರು ಇಲ್ಲೇ ಉಳಿದರು. ಕೆ.ಆರ್. ಪುರದಾಚೆ, ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ 1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಎದ್ದ ಊರು ವೈಟ್‌ಫೀಲ್ಡ್. ಅದಕ್ಕೆ ಹೆಸರು ಬಂದದ್ದು ಆಂಗ್ಲೋ ಇಂಡಿಯನ್ನರ ಸಂಘದ ಮುಂದಾಳು ಡಿ.ಎಸ್. ವೈಟ್ ಅವರಿಂದ. ಕತೆಯ ಕುಟುಂಬಕ್ಕೂ ಅದೇ ಹೆಸರಿರುವುದು ಬರೀ ಕಾಕತಾಳೀಯ, ಆದರೂ ಓದುವಾಗ ಒಮ್ಮೆ ಕಣ್ಣು ನಿಲ್ಲುತ್ತದೆ.

ಹಾಲಿವುಡ್‌ಗೆ ಬಾಯಿಮಾತು ಸಾಲಲಿಲ್ಲ. ಚಿತ್ರಕ್ಕೆ ಭಾರತದಲ್ಲಿ ನಡೆಯುವ ಪೂರ್ವಭಾಗವೊಂದನ್ನು ಸೇರಿಸಲಾಯಿತು. ಅದನ್ನು ಚಿತ್ರಿಸಿದ ಅರ್ನೆಸ್ಟ್ ಶೋಡ್‌ಸ್ಯಾಕ್ ಹೆಸರು ತೆರೆಯ ಮೇಲಿಲ್ಲ. ಇವರೇ ಮೆರಿಯನ್ ಕೂಪರ್ ಜೊತೆಗೂಡಿ ಅದೇ ವರ್ಷ ‘ಕಿಂಗ್ ಕಾಂಗ್’ ಮಾಡಿದವರು. ಹಿಂದಿನ ವರ್ಷ ರಿಚರ್ಡ್ ಕಾನೆಲ್ ಅವರ ಸಣ್ಣಕಥೆಯನ್ನು ಆಧರಿಸಿದ ‘ದಿ ಮೋಸ್ಟ್ ಡೇಂಜರಸ್ ಗೇಮ್’ ಚಿತ್ರದ ನಿರ್ದೇಶನದಲ್ಲೂ ಪಾಲು ಪಡೆದಿದ್ದರು. ದೂರದ ಕಾಡು, ಅಪರಿಚಿತ ಜನ, ಗದ್ದಲ ಇವರ ಕಸುಬು. ಸ್ಟುಡಿಯೊದ ಲೆಕ್ಕಾಚಾರ ಅರ್ಥವಾಗುವಂಥದ್ದೇ: 1931ರಲ್ಲಿ ‘ಡ್ರಾಕುಲಾ’ ಮತ್ತು ‘ಫ್ರಾಂಕೆನ್‌ಸ್ಟೈನ್’ ಗೆದ್ದ ಮೇಲೆ ಎಲ್ಲರಿಗೂ ಭಯಾನಕ ಚಿತ್ರ ಬೇಕಾಗಿತ್ತು, ಬೆರಳೆಣಿಕೆಯ ಪಾತ್ರ, ಒಂದು ಕೋಣೆಯ ಕತೆ ತೀರಾ ಗಿಡ್ಡವಾಗಿತ್ತು. ಆದರೂ ಕತೆಯ ಜೀವ ಕಾಣದ್ದರಲ್ಲಿದೆ. ಫಕೀರನ ನಾಡನ್ನು ಕಣ್ಣಿಗೆ ಕಟ್ಟಿಕೊಟ್ಟ ಕೂಡಲೇ ಮಾರಿಸ್ ಸುಳ್ಳು ಹೇಳುತ್ತಿರಬಹುದೇ ಎಂಬ ಗುಮಾನಿ ಸಾಯುತ್ತದೆ, ಅದರೊಂದಿಗೆ ಅರ್ಧ ಭಯವೂ.

ಪಾತ್ರವರ್ಗ ಚೆನ್ನಾಗಿತ್ತು. ವೈಟ್ ದಂಪತಿಯಾಗಿ ಐವನ್ ಸಿಂಪ್ಸನ್ ಮತ್ತು ಲೂಯಿಸ್ ಕಾರ್ಟರ್, ಹರ್ಬರ್ಟ್ ಆಗಿ ಬ್ರಾಮ್‌ವೆಲ್ ಫ್ಲೆಚರ್ ನಟಿಸಿದರು. ‘ದಿ ಮಮ್ಮಿ’ (1932) ಚಿತ್ರದಲ್ಲಿ ಶವ ಎದ್ದು ನಡೆಯುವುದನ್ನು ಕಂಡು ಹುಚ್ಚು ಹಿಡಿದು ನಗುವ ಯುವಕ ಇದೇ ಫ್ಲೆಚರ್. ಮಾರಿಸ್ ಪಾತ್ರಕ್ಕೆ ಸಿ. ಆಬ್ರಿ ಸ್ಮಿತ್. ಇವರು ಆಡಿದ್ದು ಒಂದೇ ಟೆಸ್ಟ್, 1889ರಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ, ಅದೂ ಇಂಗ್ಲೆಂಡಿನ ನಾಯಕನಾಗಿ. ಮುಂದೆ ಹಾಲಿವುಡ್‌ನಲ್ಲಿ ಕ್ರಿಕೆಟ್ ಕ್ಲಬ್ ಕಟ್ಟಿ, ತೆರೆಯ ಮೇಲೆ ಬ್ರಿಟಿಷ್ ಸಾಮ್ರಾಜ್ಯದ ಖಾಯಂ ಸೇನಾಧಿಕಾರಿಯಾದರು.

ಆ ಕಾಲಕ್ಕೆ ಬೆಂಗಳೂರಿನಲ್ಲಿ ಇಂಥ ಇಂಗ್ಲಿಷ್ ಚಿತ್ರಗಳ ತವರೂ ದಂಡು ಪ್ರದೇಶವೇ. ಶಿವಾಜಿನಗರದ ಎಲ್ಗಿನ್ ಟಾಕೀಸ್ ನಾಟಕದ ಸಭಾಂಗಣವಾಗಿ ಶುರುವಾಗಿ ಸಿನಿಮಾಕ್ಕೆ ಒಲಿದದ್ದು. ಕಬ್ಬನ್ ರಸ್ತೆಯ ಬಿಆರ್‌ವಿ ಚಿತ್ರಮಂದಿರದ ಹೆಸರಿನಲ್ಲಿ ಬ್ಯಾಂಗಲೋರ್ ರೈಫಲ್ ವಾಲಂಟಿಯರ್ಸ್ ಎಂಬ ಪಡೆ ಅಡಗಿದೆ. ಸೌತ್ ಪರೇಡ್‌ನಲ್ಲಿ, ಅಂದರೆ ಈಗಿನ ಎಂ.ಜಿ. ರಸ್ತೆಯಲ್ಲಿ, ಪ್ಲಾಜಾ ತೆರೆದದ್ದು 1936ರಲ್ಲಿ. ಮುಂದೆ ಅದು ಮೆಟ್ರೊ ನಿಲ್ದಾಣಕ್ಕೆ ಜಾಗ ಬಿಟ್ಟಿತು.

ಬಾಗಿಲು ತಟ್ಟುವ ಭಯಕ್ಕೆ ಬೆಂಗಳೂರು ತನ್ನದೇ ಕತೆಯನ್ನು ಕಟ್ಟಿಕೊಂಡದ್ದು ಬಹಳ ತಡವಾಗಿ. 1990ರ ದಶಕದಲ್ಲಿ ನಗರದ ಬಡಾವಣೆಗಳಲ್ಲೂ ರಾಜ್ಯದ ಹಲವು ಊರುಗಳಲ್ಲೂ ಒಂದು ಸುದ್ದಿ ಹಬ್ಬಿತು: ರಾತ್ರಿ ದೆವ್ವ ಬಂದು ಕದ ತಟ್ಟುತ್ತದೆ, ಮನೆಮಂದಿಯ ದನಿಯಲ್ಲೇ ಕರೆಯುತ್ತದೆ, ತೆರೆದವರು ಸತ್ತರು. ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದಿನಾ ಅದನ್ನೇ ಓದಿ ದೆವ್ವ ದಿನಾ ವಾಪಸು ಹೋಗಬೇಕು ಎಂಬ ಉಪಾಯ. ಶ್ರೀಮತಿ ವೈಟ್ ಬೋಲ್ಟ್ ಎಳೆಯಲು ಒದ್ದಾಡುವುದೂ ಪ್ರೀತಿಯ ದನಿಗೆ ಓಗೊಡಲೆಂದೇ. ಈ ವದಂತಿಯ ಎಳೆಯನ್ನು 2018ರ ಹಿಂದಿ ಚಿತ್ರ ‘ಸ್ತ್ರೀ’ ನಗೆಯ ಜೊತೆ ಬೆಸೆದು ಗೆದ್ದಿತು.

1933ರ ಚಿತ್ರದ ಪಾಡು ಬೇರೆ. ದಶಕಗಳ ಕಾಲ ಅದು ಕಳೆದುಹೋದ ಚಿತ್ರಗಳ ಸಾಲಿನಲ್ಲಿತ್ತು. ಆಗಿನ ನೈಟ್ರೇಟ್ ಫಿಲ್ಮ್ ಬೆಂಕಿಗೆ ತಟ್ಟನೆ ಹತ್ತಿಕೊಳ್ಳುತ್ತಿತ್ತು, ಇಟ್ಟಲ್ಲೇ ಕೊಳೆಯುತ್ತಿತ್ತು. ಓಟ ಮುಗಿದ ಚಿತ್ರವನ್ನು ಕಾಪಿಡುವ ಗರಜು ಸ್ಟುಡಿಯೊಗಳಿಗೆ ಇರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಕೂಡ ಹೀಗೆಯೇ ಹೋಯಿತು, ಅದರ ಪ್ರತಿ ಇಂದಿಗೂ ಸಿಕ್ಕಿಲ್ಲ. ‘ಮಂಕೀಸ್ ಪಾ’ದ ಅದೃಷ್ಟ ತುಸು ಮೇಲು: ಫ್ರೆಂಚ್‌ಗೆ ಡಬ್ ಆದ ಪ್ರತಿಯೊಂದು ಉಳಿದಿರುವುದು ಇತ್ತೀಚೆಗೆ ಬೆಳಕಿಗೆ ಬಂತು. ಇದೇ ಕತೆಯನ್ನು ಬ್ರಿಟನ್ನಿನಲ್ಲಿ 1915, 1923 ಮತ್ತು 1948ರಲ್ಲಿ ಬೇರೆ ಬೇರೆ ತಂಡಗಳು ಚಿತ್ರವಾಗಿಸಿವೆ. 1923ರ ಮೂಕಿ ಚಿತ್ರದ ನಿರ್ದೇಶಕ ಮ್ಯಾನಿಂಗ್ ಹೇನ್ಸ್, ಜೇಕಬ್ಸ್ ಅವರ ಇತರ ಕತೆಗಳನ್ನೂ ತೆರೆಗೆ ತಂದವರು.