ಕಾಳಿ ನದಿಯ ಹೆದ್ದಾರಿ ಸೇತುವೆ: ಹಳೆಯ ಸೇತುವೆಗೆ ಬದಲಿ ನಿರ್ಮಾಣ ಕುರಿತು ಸಾರ್ವಜನಿಕರಿಗೆ ಮಾಹಿತಿ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟುವ ಕಾಳಿ ನದಿಯು ಕಾರವಾರದ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಇಲ್ಲಿ ದಕ್ಷಿಣ ದಂಡೆಯ ಕೋಡಿಬಾಗ ಹಾಗೂ ಉತ್ತರ ದಂಡೆಯ ಸದಾಶಿವಗಡಗಳ ನಡುವೆ, ಇಂದಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ (ಹಿಂದಿನ ಸಂಖ್ಯೆ 17), 1980ರ ದಶಕದಲ್ಲಿ ಸೇತುವೆಯೊಂದು ಸಂಚಾರಕ್ಕೆ ತೆರೆಯಿತು. ಅದಕ್ಕೆ ಮೊದಲು ಜನರು ದೋಣಿಯಲ್ಲಿ ನದಿ ದಾಟುತ್ತಿದ್ದರು. ಹೆದ್ದಾರಿಯನ್ನು ಚತುಷ್ಪಥವಾಗಿ ವಿಸ್ತರಿಸಿದಾಗ ಪಕ್ಕದಲ್ಲಿಯೇ ಎರಡನೆಯ ಸೇತುವೆಯನ್ನು ನಿರ್ಮಿಸಿ, ಹಳೆಯದನ್ನು ಗೋವಾ ಕಡೆಯಿಂದ ಬರುವ ವಾಹನಗಳಿಗಾಗಿ ಉಳಿಸಿಕೊಳ್ಳಲಾಯಿತು.

2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಹಳೆಯ ಸೇತುವೆ ಕುಸಿಯಿತು. ಆ ವೇಳೆ ದಾಟುತ್ತಿದ್ದ ಲಾರಿಯೊಂದು ನದಿಗೆ ಬಿದ್ದಿದ್ದು, ಚಾಲಕನನ್ನು ಪೊಲೀಸರು ಮತ್ತು ಸ್ಥಳೀಯ ಮೀನುಗಾರರು ಜೀವಸಹಿತ ರಕ್ಷಿಸಿದರು. ಹೊಸ ಸೇತುವೆಯನ್ನು ಪರಿಶೀಲಿಸಿದ ನಂತರ ಎರಡೂ ದಿಕ್ಕಿನ ಸಂಚಾರವನ್ನು ಅದಕ್ಕೆ ತಿರುಗಿಸಲಾಯಿತು. ಹಗಲಿನ ದಟ್ಟಣೆಯ ವೇಳೆಯಲ್ಲಿ ಇದೇ ಕುಸಿತ ಸಂಭವಿಸಿದ್ದರೆ ಪರಿಣಾಮ ಏನಾಗುತ್ತಿತ್ತೆಂಬುದಕ್ಕೆ ಇದೇ ಹೆದ್ದಾರಿಯಲ್ಲಿ ಮಹಾರಾಷ್ಟ್ರದ ಮಹಾಡ್ ಬಳಿ ನಡೆದ ದುರಂತವು ಉದಾಹರಣೆ. ಅಲ್ಲಿ 2016ರ ಆಗಸ್ಟ್ 2ರ ರಾತ್ರಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಮಾನು ಸೇತುವೆಯು ಪ್ರವಾಹದಲ್ಲಿ ಕೊಚ್ಚಿಹೋಗಿ, ಎರಡು ಬಸ್ಸುಗಳು ಪ್ರಯಾಣಿಕರ ಸಮೇತ ನದಿಪಾಲಾದವು. ಅಲ್ಲಿನ ಬದಲಿ ಸೇತುವೆ 2017ರ ಜೂನ್‌ನಲ್ಲಿ ಸಂಚಾರಕ್ಕೆ ಮುಕ್ತವಾಯಿತು.

ಸೇತುವೆಗೆ ವಯಸ್ಸಾಗುವ ಬಗೆ

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಈಗಿನ ಸಂಹಿತೆಯು ಕಾಂಕ್ರೀಟ್ ಸೇತುವೆಗೆ ಸಾಮಾನ್ಯವಾಗಿ 100 ವರ್ಷಗಳ ಬಾಳಿಕೆಯನ್ನು ನಿರೀಕ್ಷಿಸುತ್ತದೆ. ಆದರೆ ಕಟ್ಟಿದ ವರ್ಷವೊಂದರಿಂದಲೇ ಸೇತುವೆಯ ಸ್ಥಿತಿಯನ್ನು ನಿರ್ಣಯಿಸಲಾಗದು. ಸಮುದ್ರದ ಸಮೀಪದಲ್ಲಿ ಉಪ್ಪಿನಂಶವು ಕಾಂಕ್ರೀಟಿನೊಳಕ್ಕೆ ಇಳಿದು ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ನೆರೆಯ ರಭಸಕ್ಕೆ ಕಂಬದ ಬುಡದ ಮಣ್ಣು ಕೊಚ್ಚಿಹೋಗುವುದುಂಟು; ಇದು ನೀರಿನಡಿಯ ತಪಾಸಣೆಯಿಂದ ಮಾತ್ರ ತಿಳಿಯುವಂಥದು, ಮೇಲಿನಿಂದ ನೋಡುವವರಿಗೆ ರಸ್ತೆ ನುಣುಪಾಗಿಯೇ ಕಾಣುತ್ತಿರುತ್ತದೆ. ಇದರೊಂದಿಗೆ ವಾಹನಗಳ ತೂಕವೂ ಹೆಚ್ಚಿದೆ. ನಾಲ್ಕು ಚಕ್ರಗಳ ಒಂದು ಅಚ್ಚಿನ ಮೇಲೆ ಅನುಮತಿಸಿದ ಭಾರವನ್ನು 2018ರಲ್ಲಿ 10.2 ಟನ್‌ನಿಂದ 11.5 ಟನ್‌ಗೆ ಏರಿಸಲಾಯಿತು.

ಪಕ್ಕದಲ್ಲಿ ಹೊಸ ಸೇತುವೆ ಎದ್ದಾಗ ಹಳೆಯದರ ಹೊರೆಯು ಅರ್ಧದಷ್ಟು ತಗ್ಗುತ್ತದೆಯೇ ಹೊರತು ಅದರ ವಯಸ್ಸು ತಗ್ಗುವುದಿಲ್ಲ. ಆದುದರಿಂದ ಉಳಿಸಿಕೊಂಡ ಸೇತುವೆಗೂ ನಿಯಮಿತ ತಪಾಸಣೆ ಮತ್ತು ಭಾರ ಪರೀಕ್ಷೆ ಅವಶ್ಯಕ.

ಬದಲಿ ನಿರ್ಮಾಣದಲ್ಲಿ ಮೊದಲು ನದಿಪಾತ್ರದ ಮಣ್ಣು ಮತ್ತು ಬಂಡೆಯ ಪರೀಕ್ಷೆ, ಕರಾವಳಿ ನಿಯಂತ್ರಣ ವಲಯದ ಅನುಮತಿ, ಆನಂತರ ಅಡಿಪಾಯದ ಕಾಮಗಾರಿ ನಡೆಯುತ್ತದೆ. ಕುಸಿದ ಅವಶೇಷಗಳ ತೆರವು ಕೂಡ ಇದರಷ್ಟೇ ಮುಖ್ಯ. ನದಿಯಲ್ಲಿ ಉಳಿದ ತುಂಡುಗಳು ಮೀನುಗಾರಿಕೆ ದೋಣಿಗಳಿಗೆ ತಡೆಯಾಗುವುದಲ್ಲದೆ, ಹರಿವನ್ನು ತಿರುಗಿಸಿ ಪಕ್ಕದ ಸೇತುವೆಯ ಕಂಬಗಳ ಬುಡವನ್ನು ಕೊರೆಯಬಹುದು.

ಭೂಮಿ ಕಳೆದುಕೊಳ್ಳುವವರ ಗಮನಕ್ಕೆ

ಸೇತುವೆಯ ಕೂಡುರಸ್ತೆಗಳಿಗೆ ಹೆಚ್ಚುವರಿ ಜಮೀನು ಬೇಕಾದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆ, 1956ರ ಕಲಂ 3ಎ ಅಡಿ ಅಧಿಸೂಚನೆ ಹೊರಡುತ್ತದೆ. ಇದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಲಾಗುವುದು. ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರತಕ್ಕದ್ದು. ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಹಿತಾಸಕ್ತರು ಸಕ್ಷಮ ಪ್ರಾಧಿಕಾರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಕಲಂ 3ಎ ಅಧಿಸೂಚನೆಯಿಂದ ಒಂದು ವರ್ಷದೊಳಗೆ ಕಲಂ 3ಡಿ ಘೋಷಣೆ ಹೊರಡದಿದ್ದರೆ ಮೊದಲಿನ ಅಧಿಸೂಚನೆಯು ರದ್ದಾಗುತ್ತದೆ. ನ್ಯಾಯಾಲಯದ ತಡೆಯಾಜ್ಞೆ ಇದ್ದ ಅವಧಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ.

2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ಉಪಬಂಧಗಳು 2015ರ ಜನವರಿ 1ರಿಂದ ಹೆದ್ದಾರಿ ಸ್ವಾಧೀನಕ್ಕೂ ಅನ್ವಯವಾಗುತ್ತವೆ. ಅದರಂತೆ ಜಮೀನು, ಕಟ್ಟಡ ಹಾಗೂ ಮರಗಳ ಮೌಲ್ಯವನ್ನು ಲೆಕ್ಕ ಹಾಕಿ, ಅದರ ಮೇಲೆ ಶೇ. 100ರಷ್ಟು ಸಾಂತ್ವನ ಧನವನ್ನು ಸೇರಿಸಬೇಕು. ಮೊತ್ತವು ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರಿಗೆ ಅರ್ಜಿ ಸಲ್ಲಿಸಬಹುದು. ಜಮೀನನ್ನು ವಶಕ್ಕೆ ಪಡೆಯುವ ಮೊದಲು ಪರಿಹಾರದ ಹಣವನ್ನು ಸಕ್ಷಮ ಪ್ರಾಧಿಕಾರಿಯಲ್ಲಿ ಠೇವಣಿ ಇಡುವುದು ಕಡ್ಡಾಯ.

ಪಹಣಿಯಲ್ಲಿ ಮೃತರ ಹೆಸರೇ ಮುಂದುವರಿದಿದ್ದಲ್ಲಿ ಪರಿಹಾರ ವಿತರಣೆ ತಡವಾಗುತ್ತದೆ. ಯಾರಿಗೆ ಎಷ್ಟು ಎಂಬ ವಿವಾದ ಉಂಟಾದರೆ ಪ್ರಕರಣವು ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ. ಆದ್ದರಿಂದ ವಾರಸುದಾರರು ಅಧಿಸೂಚನೆಗೆ ಕಾಯದೆ ಪೌತಿ ಖಾತೆ ಮಾಡಿಸಿಕೊಳ್ಳುವುದು ಒಳಿತು.

ಸೇತುವೆಯೊಂದರ ತಪಾಸಣಾ ವರದಿ ಅಥವಾ ಭಾರ ಪರೀಕ್ಷೆಯ ದಿನಾಂಕವನ್ನು ತಿಳಿಯಬಯಸುವವರು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ರೂ. 10 ಶುಲ್ಕದೊಂದಿಗೆ ಸಂಬಂಧಿತ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ರಾಷ್ಟ್ರೀಯ ಹೆದ್ದಾರಿ ಸೇತುವೆಯಲ್ಲಿ ಬಿರುಕು, ತಗ್ಗಿದ ರಸ್ತೆ, ಬಾಯ್ದೆರೆದ ಕೂಡುಪಟ್ಟಿ ಅಥವಾ ಮುರಿದ ಕೈಪಿಡಿಗೋಡೆ ಕಂಡುಬಂದಲ್ಲಿ 1033 ಸಂಖ್ಯೆಗೆ ಕರೆ ಮಾಡಿ ಸ್ಥಳ ಹಾಗೂ ಸಮೀಪದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ತಿಳಿಸಬಹುದು.