ಕತ್ತಿನ ಬೆನ್ನುಹುರಿಯ ಒತ್ತಡ ನಿವಾರಣೆ: ನಾಲ್ಕು ತಾಲ್ಲೂಕುಗಳ ದೃಷ್ಟಿಯಿಂದ ಒಂದು ಚಿಕಿತ್ಸೆಯ ಚರಿತ್ರೆ

ರೋಗಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಪ್ಲೇಗು, ಕಾಲರಾಗಳಂಥ ಪಿಡುಗುಗಳತ್ತ ಗಮನ ಹರಿಸುವುದುಂಟು. ಸದ್ದಿಲ್ಲದೆ ಬಂದು ಕೈಕಾಲುಗಳ ಶಕ್ತಿಯನ್ನು ಮೆಲ್ಲಮೆಲ್ಲನೆ ಅಪಹರಿಸುವ ವ್ಯಾಧಿಗಳಿಗೆ ಚರಿತ್ರೆಯಲ್ಲಿ ದೊರೆತ ಸ್ಥಾನ ಅಲ್ಪ. ಕತ್ತಿನಲ್ಲಿ ಬೆನ್ನೆಲುಬಿನ ನಾಳವು ಕಿರಿದಾಗಿ, ಅದರೊಳಗಣ ಬೆನ್ನುಹುರಿಯು ಒತ್ತಡಕ್ಕೆ ಸಿಲುಕುವ ವ್ಯಾಧಿ ಇಂಥದು. ೨೦೦೭ರಲ್ಲಿ ಒಂದು ಜಿಲ್ಲೆಯಾಗಿ ಕೂಡಿದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಜನಜೀವನವನ್ನು ಮುಂದಿಟ್ಟುಕೊಂಡು ಇದರ ಚಿಕಿತ್ಸೆಯ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆರೋಗ್ಯವಂತರಲ್ಲಿ ಈ ನಾಳದ ಹಿಂದುಮುಂದಿನ ಅಳತೆ ಸುಮಾರು ೧೭ ಮಿಲಿಮೀಟರು. ಅದು ೧೩ಕ್ಕಿಂತ ಕಡಿಮೆಯಾದರೆ ಕಿರಿದೆಂದೂ, ೧೦ಕ್ಕಿಂತ ಇಳಿದರೆ ತೀರ ಕಿರಿದೆಂದೂ ವೈದ್ಯರು ಎಣಿಸುತ್ತಾರೆ. ಬಹುಮಟ್ಟಿಗೆ ಮೊದಲು ಕುಂದುವುದು ಬೆರಳುಗಳ ಚಾತುರ್ಯ; ಅಂಗಿಯ ಗುಂಡಿ ಹಾಕುವುದೂ ಪ್ರಯಾಸವಾಗುತ್ತದೆ. ನಡಿಗೆಯೂ ತಡವರಿಸುತ್ತದೆ. ಎಷ್ಟೋ ವೇಳೆ ನೋವೇ ಇಲ್ಲದಿರುವುದರಿಂದ ಮುಪ್ಪೆಂದೋ ವಾಯುವೆಂದೋ ಸುಮ್ಮನಾಗುವುದು ಸಹಜ. ರಾಮನಗರದಲ್ಲಿ ಬಿಸಿನೀರಿನ ಗೂಡುಗಳಿಂದ ರೇಷ್ಮೆಯ ಎಳೆಯ ತುದಿಯನ್ನು ಹುಡುಕಿ ತೆಗೆಯುವ ನೂಲು ಬಿಚ್ಚಾಣಿಕೆಯವರಿಗೂ, ಚನ್ನಪಟ್ಟಣದಲ್ಲಿ ಹಾಲೆ ಮರದ ಗೊಂಬೆಗಳಿಗೆ ಅರಗಿನ ಬಣ್ಣವೇರಿಸುವವರಿಗೂ ಬೆರಳೇ ಬಂಡವಾಳ. ಈ ಕಸುಬುಗಳೇ ರೋಗಕ್ಕೆ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ರೋಗ ಬಂದಲ್ಲಿ ಮೊದಲು ನಷ್ಟವಾಗುವುದು ಅನ್ನದ ದಾರಿಯೆಂಬುದನ್ನು ಮಾತ್ರ ಸೂಚಿಸಿದೆ.

೧೮೮೭ರಲ್ಲಿ ಲಂಡನಿನಲ್ಲಿ ವಿಕ್ಟರ್ ಹಾರ್ಸ್ಲಿಯು ಗೋವರ್ಸನ ರೋಗನಿರ್ಣಯವನ್ನು ಅನುಸರಿಸಿ ಬೆನ್ನುಹುರಿಯನ್ನು ಒತ್ತುತ್ತಿದ್ದ ಗಂಟನ್ನು ತೆಗೆದುದು ಈ ಶಸ್ತ್ರಕ್ರಿಯೆಯ ಚರಿತ್ರೆಯಲ್ಲಿ ಮೊದಲ ಮೈಲಿಗಲ್ಲು. ಆದರೆ ಸವೆದ ಕತ್ತಿನ ಮೂಳೆಗಳಿಂದಲೇ ಹುರಿಗೆ ಹಾನಿಯಾಗುವ ಬಗೆಯನ್ನು ಬ್ರೈನ್, ನಾರ್ತ್‌ಫೀಲ್ಡ್, ವಿಲ್ಕಿನ್ಸನ್ ಎಂಬವರು ಸ್ಪಷ್ಟವಾಗಿ ವಿವರಿಸಿದುದು ೧೯೫೨ರಲ್ಲಿ. ಹಿಂದಿನಿಂದ ಮೂಳೆಯ ಕಮಾನನ್ನು ತೆಗೆಯುವ ಪದ್ಧತಿಯೊಡನೆ, ೧೯೫೦ರ ದಶಕದಲ್ಲಿ ಸ್ಮಿತ್, ರಾಬಿನ್ಸನ್, ಕ್ಲೋವರ್ಡ್ ಇವರು ಕತ್ತಿನ ಮುಂಭಾಗದಿಂದ ಪ್ರವೇಶಿಸುವ ಮಾರ್ಗವನ್ನು ರೂಢಿಗೆ ತಂದರು. ೧೯೭೦ರ ದಶಕದಲ್ಲಿ ಜಪಾನಿನ ಹಿರಬಯಾಶಿಯು ಕಮಾನನ್ನು ಪೂರ್ತಿ ತೆಗೆಯದೆ ಬಾಗಿಲಿನಂತೆ ತೆರೆದು ನಾಳವನ್ನು ವಿಸ್ತರಿಸುವ ವಿಧಾನವನ್ನು ರೂಪಿಸಿದನು.

ಭಾರತದಲ್ಲಿ ನರಶಸ್ತ್ರಚಿಕಿತ್ಸೆಯ ಮೊದಲ ವಿಭಾಗವನ್ನು ೧೯೪೯ರಲ್ಲಿ ಡಾ. ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ ಆರಂಭಿಸಿದರು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಅದರ ಮೊದಲ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರು ಸ್ವತಃ ನರಶಸ್ತ್ರವೈದ್ಯರಾಗಿದ್ದುದು ಗಮನಾರ್ಹ. ಹೀಗೆ ನಾಲ್ಕು ತಾಲ್ಲೂಕುಗಳ ರೋಗಿಗೆ ನೆರೆಯ ನಗರದಲ್ಲಿಯೇ ಈ ವಿದ್ಯೆ ದೊರೆಯುವಂತಾಯಿತು. ಆದರೂ ನಾಲ್ಕಕ್ಕೂ ದಾರಿ ಒಂದೇ ತೆರನಾಗಿರಲಿಲ್ಲ. ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರಕ್ಕೂ ಚನ್ನಪಟ್ಟಣಕ್ಕೂ ೧೮೮೦ರ ದಶಕದಿಂದ ಮೈಸೂರು ರೈಲುದಾರಿಯ ಅನುಕೂಲವಿತ್ತು. ಕನಕಪುರ, ಮಾಗಡಿಗಳು ರಸ್ತೆಯನ್ನೇ ನೆಚ್ಚಿದ್ದವು.

ಈ ವ್ಯಾಧಿಯಲ್ಲಿ ಕಾಲವಿಳಂಬವೇ ದೊಡ್ಡ ಶತ್ರು. ಶಸ್ತ್ರಕ್ರಿಯೆಯ ಮುಖ್ಯ ಪ್ರಯೋಜನ ರೋಗದ ಮುನ್ನಡೆಯನ್ನು ತಡೆಯುವುದು. ಬಹುಕಾಲ ಒತ್ತಡದಲ್ಲಿ ನಲುಗಿದ ಹುರಿಯು ಮೊದಲಿನಂತಾಗುವುದೆಂಬ ಭರವಸೆಯಿಲ್ಲ. ಆದುದರಿಂದ ಊರಿಗೂ ಆಸ್ಪತ್ರೆಗೂ ನಡುವಣ ದೂರವನ್ನು ಮೈಲಿಗಳಿಂದಷ್ಟೇ ಅಳೆಯಲಾಗದು. ಎಳೆಯ ತುದಿ ಕೈಗೆ ಸಿಕ್ಕದ ಮೊದಲ ದಿನಕ್ಕೂ, ಇದು ಮುಪ್ಪಲ್ಲ, ರೋಗವೆಂದು ವೈದ್ಯನು ಹೇಳುವ ದಿನಕ್ಕೂ ನಡುವಣ ಅವಧಿಯೇ ನಿಜವಾದ ದೂರ. ಚಿಕಿತ್ಸೆಯ ಚರಿತ್ರೆಯನ್ನು ಬರೆಯುವವರು ಶಸ್ತ್ರವೈದ್ಯರ ಸಾಧನೆಯೊಡನೆ ಈ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯಕ.