ಹೂಗ್ಲಿಯ ನಡುವೆ ಕಂಬ ಏಕಿಲ್ಲ?

ಹೌರಾ ಸೇತುವೆಯ ಚಿತ್ರ ನೋಡದ ಕನ್ನಡಿಗರು ಕಡಿಮೆ. ಸಿನಿಮಾದಲ್ಲಿ ಕೋಲ್ಕತ್ತ ಬಂತೆಂದರೆ ಮೊದಲು ಕಾಣುವುದು ಆ ಉಕ್ಕಿನ ಹಂದರ. ಅದನ್ನು ನೋಡಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಷ್ಟು ಅಗಲದ ಹೂಗ್ಲಿ ನದಿಗೆ ನಡುವೆ ಒಂದೂ ಕಂಬವಿಲ್ಲ. ಎರಡು ದಡಗಳ ಗೋಪುರಗಳ ನಡುವೆ 1,500 ಅಡಿ ಉದ್ದಕ್ಕೂ ಸೇತುವೆ ನೀರಿಗೆ ಕಾಲೂರದೆ ಹಾದುಹೋಗುತ್ತದೆ. ಏಕೆ ಹೀಗೆ?

ಸಾಮಾನ್ಯವಾಗಿ ಸಿಗುವ ಉತ್ತರ ‘ಹೂಗ್ಲಿಯ ತಳದ ಕೆಸರು’. ನೆಲ ಮೆತ್ತಗಿತ್ತು, ಕಂಬ ನಿಲ್ಲುತ್ತಿರಲಿಲ್ಲ ಎನ್ನುತ್ತಾರೆ. ಈ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಇದೇ ನದಿಯಲ್ಲಿ, ಹೌರಾದಿಂದ ಕೆಲವೇ ಮೈಲಿ ಮೇಲೆ ಬಾಲಿಯಲ್ಲಿ, 1931ರಲ್ಲಿ ವಿಲಿಂಗ್ಡನ್ ಸೇತುವೆ ತೆರೆಯಿತು. ಇಂದು ಅದು ವಿವೇಕಾನಂದ ಸೇತು. ಅದು ನದಿಯೊಳಗಿನ ಕಂಬಗಳ ಮೇಲೆಯೇ ನಿಂತಿದೆ. ಇನ್ನೂ ಮೇಲೆ, ಹೂಗ್ಲಿ ಪಟ್ಟಣದ ಬಳಿ, 1887ರ ಜ್ಯೂಬಿಲಿ ರೈಲು ಸೇತುವೆಗೂ ನೀರೊಳಗೆ ಕಂಬಗಳಿದ್ದವು. ಅಲ್ಲಿ ನಿಂತ ಕಂಬ ಹೌರಾದಲ್ಲಿ ನಿಲ್ಲಲಾರದೇ? ಉತ್ತರ ನೆಲದಲ್ಲಿ ಮಾತ್ರ ಇರಲಾರದು.

ಸೇತುವೆಯ ಕಥೆಯನ್ನು ರಸ್ತೆ ಇಲಾಖೆಯ ಕಡತಗಳಲ್ಲಿ ಹುಡುಕುವುದು ವಾಡಿಕೆ. ಹೌರಾದ ಮಟ್ಟಿಗೆ ಆ ದಾರಿ ಹೆಚ್ಚು ದೂರ ಹೋಗುವುದಿಲ್ಲ. 1871ರ ಹೌರಾ ಸೇತುವೆ ಕಾಯಿದೆಯನ್ನು ನೋಡಿದರೆ ಸುಳಿವು ಸಿಗುತ್ತದೆ. ಸರ್ಕಾರದ ಹಣದಲ್ಲಿ ಸೇತುವೆ ಕಟ್ಟಿ, ಅದನ್ನು ಬಂದರಿನ ಕಮಿಷನರುಗಳ ಕೈಗೆ ಒಪ್ಪಿಸುವುದು ಆ ಕಾಯಿದೆಯ ಏರ್ಪಾಡು. ಇಂದಿಗೂ ಸೇತುವೆಯ ಉಸ್ತುವಾರಿ ಕೋಲ್ಕತ್ತ ಬಂದರಿನದೇ. ಹಡಗು ನಡೆಸುವ ಸಂಸ್ಥೆಗೇ ಸೇತುವೆ ನಡೆಸುವ ಹೊಣೆಯೂ ಬಿತ್ತು. ಮೇಲಿನ ಗಾಡಿ, ಕೆಳಗಿನ ದೋಣಿ ಎರಡಕ್ಕೂ ಉತ್ತರ ಹೇಳಬೇಕಾದವರು ಒಬ್ಬರೇ. ಹುಡುಕಾಟ ಬಂದರಿನ ದಾಖಲೆಗಳ ಕಡೆ ಹೊರಳಿದಾಗ ಚಿತ್ರ ಬಿಡಿಸಿಕೊಳ್ಳತೊಡಗಿತು.

ಹಳೆಯ ಎಳೆಯೊಂದು 1862ರದು. ಈಸ್ಟ್ ಇಂಡಿಯನ್ ರೈಲ್ವೆಯ ಮುಖ್ಯ ಎಂಜಿನಿಯರ್ ಜಾರ್ಜ್ ಟರ್ನ್‌ಬುಲ್ ಅವರನ್ನು ಬಂಗಾಳ ಸರ್ಕಾರ ಕೇಳಿತು: ಹೂಗ್ಲಿಗೆ ಸೇತುವೆ ಸಾಧ್ಯವೇ? ಮಾರ್ಚ್ 29ರಂದು ಅವರು ನಕ್ಷೆ, ಅಂದಾಜುಗಳ ಸಮೇತ ವರದಿ ಕೊಟ್ಟರು. ಕಲ್ಕತ್ತೆಯ ಬಳಿ ಕೆಸರು ಆಳವಾಗಿದೆ, ಅಡಿಪಾಯಕ್ಕೆ ಬಹಳ ಖರ್ಚಾಗುತ್ತದೆ ಎಂಬುದು ಅವರ ಮೊದಲ ಆಕ್ಷೇಪ. ಎರಡನೆಯದು ಹಡಗು ಸಂಚಾರಕ್ಕೆ ದೊಡ್ಡ ಅಡ್ಡಿಯಾಗುತ್ತದೆ ಎಂಬುದು. ಊರಿಂದ ಹನ್ನೆರಡು ಮೈಲಿ ಉತ್ತರದ ಪಲ್ತಾ ಘಾಟಿನಲ್ಲಿ ಗಟ್ಟಿ ಜೇಡಿಮಣ್ಣಿದೆ, ಅಲ್ಲಿ ಕಟ್ಟಿ ಎಂದು ಅವರು ಸೂಚಿಸಿದರು. ಆ ಸೇತುವೆ ಕಟ್ಟಲಿಲ್ಲ. ಆದರೆ ಕೆಸರು ಮತ್ತು ಹಡಗು ಎಂಬ ಎರಡು ಕಾರಣಗಳು ಒಂದೇ ವರದಿಯಲ್ಲಿ ಪಕ್ಕಪಕ್ಕದಲ್ಲಿ ಕೂತವು. ಜನರ ನೆನಪಿನಲ್ಲಿ ಮೊದಲನೆಯದು ಉಳಿಯಿತು, ಎರಡನೆಯದು ಜಾರಿತು.

ಹಡಗಿಗೂ ಗಾಡಿಗೂ ದಾರಿ ಕೊಡುವ ಉಪಾಯವಾಗಿ ಬಂದದ್ದು ತೇಲುಸೇತುವೆ. ಸರ್ ಬ್ರಾಡ್‌ಫರ್ಡ್ ಲೆಸ್ಲಿ ಅದರ ಶಿಲ್ಪಿ. ಸಾಲಾಗಿ ನಿಂತ ಪಾಂಟೂನುಗಳೆಂಬ ತೇಲುಪೆಟ್ಟಿಗೆಗಳ ಮೇಲೆ ರಸ್ತೆ. ಹಡಗು ಬಂದಾಗ ನಡುವಿನ ಭಾಗ ಬಿಚ್ಚಿ ಸರಿಸುವುದು, ಹೋದ ಮೇಲೆ ಮತ್ತೆ ಜೋಡಿಸುವುದು. 1,528 ಅಡಿ ಉದ್ದ, 62 ಅಡಿ ಅಗಲ, 22 ಲಕ್ಷ ರೂಪಾಯಿ ಖರ್ಚು. ಮುಗಿಯುವ ಮುಂಚೆಯೇ ನದಿ ತನ್ನ ಮಾತು ಹೇಳಿತು. 1874ರ ಮಾರ್ಚ್ 20ರ ಚಂಡಮಾರುತದಲ್ಲಿ ‘ಎಜೀರಿಯಾ’ ಎಂಬ ಸ್ಟೀಮರ್ ಲಂಗರು ಕಳಚಿಕೊಂಡು ಬಂದು ಸೇತುವೆಗೆ ಅಪ್ಪಳಿಸಿತು. ಮೂರು ಪಾಂಟೂನುಗಳು ಮುಳುಗಿದವು, ಸುಮಾರು 200 ಅಡಿ ಸೇತುವೆ ಹಾಳಾಯಿತು. ಅದೇ ವರ್ಷ ಅಕ್ಟೋಬರ್ 17ರಂದು ಸೇತುವೆ ಜನರಿಗೆ ತೆರೆಯಿತು.

ಮುಂದಿನ ಮೂರು ದಶಕ ನಡೆದದ್ದು ಮೇಲಿನವರಿಗೂ ಕೆಳಗಿನವರಿಗೂ ಹೊತ್ತಿನ ಹಂಚಿಕೆ. 1906ರವರೆಗೆ ಸೇತುವೆಯನ್ನು ಬಿಚ್ಚುತ್ತಿದ್ದುದು ಹಗಲಿನಲ್ಲಿ ಮಾತ್ರ. ಹೌರಾ ನಿಲ್ದಾಣಕ್ಕೆ ಹೋಗುವವರು, ಸರಕಿನ ಗಾಡಿಗಳು, ಕೂಲಿಗಳು ಎಲ್ಲರೂ ದಡದಲ್ಲಿ ಕಾಯಬೇಕು. ಆ ವರ್ಷ ಜೂನ್‌ನಿಂದ ರಾತ್ರಿಯೂ ಬಿಚ್ಚುವ ಏರ್ಪಾಡಾಯಿತು. ಸಮುದ್ರಯಾನದ ಸ್ಟೀಮರುಗಳು ಮಾತ್ರ ಹಗಲಿನಲ್ಲೇ ದಾಟಬೇಕಿತ್ತು. ಉಳಿದ ನೌಕೆಗಳಿಗೆ ರಾತ್ರಿಯ ದಾರಿ ತೆರೆಯಿತು. ಹಗಲಿನ ಗಾಡಿಗಳಿಗೆ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿತು. ಒಂದು ಸೇತುವೆ ಮುದಿಯಾಗುವ ಮೊದಲ ಲಕ್ಷಣ ತುಕ್ಕೇ ಆಗಬೇಕಿಲ್ಲ. ಎರಡು ದಾರಿಗಳ ನಡುವೆ ಹೊತ್ತು ಹಂಚಲು ಆಗದೆ ಹೋದಾಗಲೂ ಅದು ಮುದಿಯಾಗುತ್ತದೆ.

ಹೊಸ ಸೇತುವೆಯ ಯೋಚನೆ 1905ರಲ್ಲೇ ಶುರುವಾಗಿತ್ತು. ಬಂದರಿನ ಕಮಿಷನರುಗಳು ಒಂದು ಸಮಿತಿ ನೇಮಿಸಿದರು. ಅದರ ಮುಂದಾಳುಗಳು ಈಸ್ಟ್ ಇಂಡಿಯನ್ ರೈಲ್ವೆಯ ಆರ್. ಎಸ್. ಹೈಯೆಟ್ ಮತ್ತು ಕಲ್ಕತ್ತ ಕಾರ್ಪೊರೇಷನ್ನಿನ ಡಬ್ಲ್ಯೂ. ಬಿ. ಮೆಕೇಬ್. ಸೇತುವೆಯ ಮೇಲೆ ಹದಿನಾರು ದಿನ ಗಾಡಿಗಳನ್ನು ಎಣಿಸಲಾಯಿತು. ಅತಿ ಹೆಚ್ಚು ದಟ್ಟಣೆ ಕಂಡದ್ದು 1906ರ ಆಗಸ್ಟ್ 27ರಂದು. ಒಟ್ಟು ವಾಹನಗಳಲ್ಲಿ ಹದಿಮೂರರಲ್ಲಿ ಎಂಟು ಪಾಲು ಎತ್ತಿನ ಗಾಡಿಗಳೇ. ಸಮಿತಿ ಆರು ದಾರಿಗಳನ್ನು ತೂಗಿ ನೋಡಿತು: ದೊಡ್ಡ ಫೆರಿ ಸ್ಟೀಮರುಗಳು, ತೂಗುತೊಟ್ಟಿಲಲ್ಲಿ ಗಾಡಿ ಸಾಗಿಸುವ ಟ್ರಾನ್ಸ್‌ಪೋರ್ಟರ್ ಸೇತುವೆ, ನದಿಯಡಿಯ ಸುರಂಗ, ಕಂಬಗಳ ಸೇತುವೆ, ತೇಲುಸೇತುವೆ, ಕಮಾನು ಸೇತುವೆ.

ಸಮಿತಿ ಆರಿಸಿದ್ದು ಮತ್ತೆ ತೇಲುಸೇತುವೆಯನ್ನೇ! ಇಲ್ಲಿ ನಾನು ತಡೆದು ನಿಂತೆ. ಮೂವತ್ತು ವರ್ಷ ಬಿಚ್ಚಿ ಜೋಡಿಸಿ ಬೇಸತ್ತವರು, ಗಾಡಿಗಳ ನೂಕುನುಗ್ಗಲನ್ನು ಖುದ್ದಾಗಿ ಎಣಿಸಿದವರು, ಮತ್ತೆ ಅದನ್ನೇ ಏಕೆ ಬಯಸಿದರು? ಆರು ದಾರಿಗಳನ್ನು ಹಡಗಿನ ಕಡೆಯಿಂದ ನೋಡಿದರೆ ತರ್ಕ ತಿಳಿಯುತ್ತದೆ. ಕಂಬ ನೆಟ್ಟರೆ ಹರಿವು ಅಲ್ಲಿ ತಿರುಗುತ್ತದೆ, ಕಂಬದ ಬುಡ ಕೊರೆಯುತ್ತದೆ, ಪಕ್ಕದಲ್ಲಿ ಹೂಳು ಕೂಡುತ್ತದೆ. ದಿನವೂ ಉಬ್ಬರವಿಳಿತಕ್ಕೆ ಹಿಂದೆ ಮುಂದೆ ಹರಿಯುವ ಹೂಗ್ಲಿಯಲ್ಲಿ ಆಳವೇ ಬಂದರಿನ ಬಂಡವಾಳ. ಕಮಾನು ಹಾಕಿದರೆ ಕೂವೆಮರದ ಎತ್ತರಕ್ಕೆ ಮಿತಿ ಬೀಳುತ್ತದೆ. ಎತ್ತರ ಹೆಚ್ಚಿಸಿದರೆ ಎರಡೂ ಊರುಗಳೊಳಗೆ ಬಲುದೂರ ಏರುರಸ್ತೆ ಬೇಕು, ಅದನ್ನು ಹತ್ತಬೇಕಾದುದು ಎತ್ತುಗಳು. ತೇಲುಸೇತುವೆ ಬೇಕೆಂದಾಗ ಸರಿಯುತ್ತದೆ. 23 ಕಂಪನಿಗಳಿಂದ ವಿನ್ಯಾಸ ಕೇಳಿದರು, 3,000 ಪೌಂಡ್ ಬಹುಮಾನ ಸಾರಿದರು. ಅಷ್ಟರಲ್ಲಿ ಮಹಾಯುದ್ಧ ಬಂತು. 1917ರಲ್ಲಿ, ಮತ್ತೆ 1927ರಲ್ಲಿ ಹಳೆಯ ಸೇತುವೆಯನ್ನೇ ಅಷ್ಟಿಷ್ಟು ನವೀಕರಿಸಿ ಕಾಲ ತಳ್ಳಿದರು.

ಯುದ್ಧದ ನಂತರದ ದಾಖಲೆಗಳಲ್ಲಿ ದನಿಯೇ ಬೇರೆ. ತೇಲುಸೇತುವೆ ಉತ್ತರ–ದಕ್ಷಿಣ ನದೀ ಸಂಚಾರಕ್ಕೆ ಅಡ್ಡಿಯಾಗಿದೆ, ಶಾಶ್ವತ ಸೇತುವೆ ಬೇಕು ಎಂದು ಬಂದರಿನ ಮುಖ್ಯ ಎಂಜಿನಿಯರ್ ಜೆ. ಮೆಕ್‌ಗ್ಲಾಶನ್ ವಾದಿಸಿದರು. ದೋಣಿಗಳ ಹೆಸರಿನಲ್ಲಿ ಉಳಿದಿದ್ದ ಸೇತುವೆಯನ್ನು ಈಗ ದೋಣಿಗಳ ಹೆಸರಿನಲ್ಲೇ ತೆಗೆಯಬೇಕಾಯಿತು. 1921ರಲ್ಲಿ ಸರ್ ಆರ್. ಎನ್. ಮುಖರ್ಜಿ ಅವರ ಸಮಿತಿ ಕೂತಿತು. ಸರ್ ಬೇಸಿಲ್ ಮಾಟ್ ಒಂದೇ ಹರವಿನ ಕಮಾನನ್ನು ಸೂಚಿಸಿದರು. 1926ರಲ್ಲಿ ಹೊಸ ಹೌರಾ ಸೇತುವೆ ಕಾಯಿದೆ ಬಂತು. 1930ರಲ್ಲಿ ಎಸ್. ಡಬ್ಲ್ಯೂ. ಗುಡ್ ಅಧ್ಯಕ್ಷತೆಯ ಸಮಿತಿಗೆ ಕೊಟ್ಟ ಕೆಲಸವೇ ಕಂಬಗಳ ಸೇತುವೆ ಕಟ್ಟುವುದು ಸರಿಯೇ ಎಂದು ಪರಿಶೀಲಿಸುವುದು. ಅದರ ಶಿಫಾರಸಿನ ನಂತರ ರೆಂಡೆಲ್, ಪಾಮರ್ ಅಂಡ್ ಟ್ರಿಟನ್ ಸಂಸ್ಥೆಗೆ ತೂಗುವ ಬಗೆಯ ಸೇತುವೆಯ ವಿನ್ಯಾಸ ಒಪ್ಪಿಸಿದರು. ನನ್ನ ಪ್ರಶ್ನೆಗೆ ಉತ್ತರ ಇಲ್ಲಿ ಮುಗಿಯುತ್ತದೆ. ಕಂಬದ ಯೋಚನೆ ಬರಲಿಲ್ಲ ಎಂದಲ್ಲ. ಅದಕ್ಕೆಂದೇ ಸಮಿತಿ ಮಾಡಿ, ತೂಗಿ ನೋಡಿ, ಬದಿಗಿಟ್ಟರು.

ಆದರೆ ಇನ್ನೊಂದು ಒಗಟು ಎದ್ದಿತು. ಬಿಚ್ಚಲಾಗದ ಸೇತುವೆಗೆ ಬಂದರು ಒಪ್ಪಿದ್ದು ಹೇಗೆ? ಹೊಸ ಸೇತುವೆಯ ಕೆಳಗಿನ ತೆರವು ಸುಮಾರು 8.8 ಮೀಟರ್. ಸಮುದ್ರಯಾನದ ಹಡಗು ಅದರಡಿ ನುಸುಳಲಾರದು. ಉತ್ತರ ಸೇತುವೆಯ ಕಾಗದಗಳಲ್ಲಿಲ್ಲ, ಹಡಗುಕಟ್ಟೆಗಳ ಇಸವಿಗಳಲ್ಲಿದೆ. ಖಿದಿರ್‌ಪುರದ ಡಾಕ್ 1892ರಲ್ಲಿ, ಕಿಂಗ್ ಜಾರ್ಜ್ ಡಾಕ್ 1920ರ ದಶಕದ ಕೊನೆಯಲ್ಲಿ ಶುರುವಾದವು. ಎರಡೂ ಸೇತುವೆಯ ದಕ್ಷಿಣಕ್ಕೆ, ಸಮುದ್ರದ ಕಡೆಗಿವೆ. ದೊಡ್ಡ ಹಡಗುಗಳ ವ್ಯವಹಾರ ಕೆಳಕ್ಕೆ ಸರಿದಂತೆ ಉತ್ತರಕ್ಕೆ ಹೋಗಬೇಕಾದವು ಒಳನಾಡಿನ ಸ್ಟೀಮರುಗಳು, ಸೆಣಬಿನ ಗಿರಣಿಗಳ ಸರಕುದೋಣಿಗಳು, ನಾಡದೋಣಿಗಳು. ಅವುಗಳಿಗೆ ಎತ್ತರಕ್ಕಿಂತ ಕಂಬಗಳಿಲ್ಲದ ಅಗಲವಾದ ದಾರಿ ಮುಖ್ಯ. ದೊಡ್ಡ ಹಡಗುಗಳಿಗೆ ಡಾಕ್, ಸಣ್ಣವಕ್ಕೆ ತೆರೆದ ನೀರು. ಈ ಹಂಚಿಕೆಯೇ ಎತ್ತರದ ಪ್ರಶ್ನೆಯನ್ನು ಬಗೆಹರಿಸಿತು ಎಂಬುದು ದಾಖಲೆಗಳನ್ನು ಜೋಡಿಸಿ ನೋಡಿದ ಮೇಲೆ ನನಗೆ ಬಂದ ತೀರ್ಮಾನ.

1936ರಲ್ಲಿ ಕೆಲಸ ಶುರುವಾಯಿತು. ಗೋಪುರಗಳ ಅಡಿಪಾಯಕ್ಕೆ ಇಳಿಸಿದ ಭಾರಿ ಪೆಟ್ಟಿಗೆಯಂಥ ಕೇಸನ್‌ಗಳ ಬುಡದಿಂದ ಮಣ್ಣು ತೆಗೆಯುವಾಗ ಒಂದು ರಾತ್ರಿ ನೆಲ ಕುಸಿದು ಇಡೀ ಕೇಸನ್ ಎರಡು ಅಡಿ ಕೆಳಗಿಳಿಯಿತು. ಖಿದಿರ್‌ಪುರದ ಭೂಕಂಪಮಾಪಕ ಅದನ್ನು ಭೂಕಂಪವೆಂದೇ ದಾಖಲಿಸಿತು. ಬಳಸಿದ 26,500 ಟನ್ ಉಕ್ಕಿನಲ್ಲಿ 23,000 ಟನ್ ಟಾಟಾ ಕಂಪನಿಯದು. ಎರಡೂ ದಡಗಳಿಂದ ಚಾಚಿದ ತೋಳುಗಳು 468 ಅಡಿಯಂತೆ ಮುಂದೆ ಬಂದು, ನಡುವೆ 564 ಅಡಿಯ ತೂಗುಭಾಗವನ್ನು ಹಿಡಿದವು. 1943ರ ಫೆಬ್ರವರಿಯಲ್ಲಿ, ಜಪಾನಿನ ಬಾಂಬಿನ ಭಯದ ನಡುವೆ, ಸಮಾರಂಭವಿಲ್ಲದೆ ಸೇತುವೆ ತೆರೆಯಿತು. ಮೊದಲು ದಾಟಿದ್ದು ಒಂದು ಟ್ರಾಮ್.

1946ರ ಗಣತಿಯಲ್ಲಿ ದಿನಕ್ಕೆ 27,400 ವಾಹನಗಳು, 1,21,100 ಪಾದಚಾರಿಗಳು, 2,997 ದನಗಳು ಎಂದು ಲೆಕ್ಕ ಸಿಗುತ್ತದೆ. ಇದು ಸೇತುವೆಯ ಮೇಲಿನ ಲೆಕ್ಕ. ನದಿಯ ಸಂಚಾರ ಸೇತುವೆಯ ಚರ್ಚೆಯಿಂದ ಮರೆಯಾಯಿತು, ಏಕೆಂದರೆ ಅದು ಈಗ ಯಾರನ್ನೂ ಕಾಯಿಸುತ್ತಿರಲಿಲ್ಲ. ಆದರೆ ಮಿತಿ ಮಾಯವಾಗಿರಲಿಲ್ಲ. 2005ರ ಜೂನ್ 24ರಂದು ಉಬ್ಬರದ ಹೊತ್ತಿನಲ್ಲಿ ‘ಎಂ.ವಿ. ಮಣಿ’ ಎಂಬ ಸರಕುನೌಕೆ ಅಡಿಯಲ್ಲಿ ಹಾಯಲು ಹೋಗಿ, ಅದರ ಹೊಗೆಕೊಳವೆ ಸೇತುವೆಗೆ ಸಿಕ್ಕಿಕೊಂಡು ಮೂರು ಗಂಟೆ ನಿಂತಿತು. ಸುಮಾರು ಒಂದೂವರೆ ಕೋಟಿ ರೂಪಾಯಿಯ ಹಾನಿಯಾಯಿತು. ದುರಸ್ತಿಗೆ 1943ರ ಉಕ್ಕಿಗೆ ಹೊಂದುವ ಉಕ್ಕನ್ನು ಹುಡುಕಬೇಕಾಯಿತು. 1930ರ ದಶಕದಲ್ಲಿ ಒಪ್ಪಿಕೊಂಡ ಎತ್ತರ ಇಂದಿಗೂ ನದಿಯನ್ನು ಆಳುತ್ತಿದೆ.

ಈ ಕಡತಗಳು ನಮ್ಮವರಿಗೂ ಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದು ನೀರಿಗೆ ಬಿತ್ತು. ಇಂಥ ಹಳೆಯವುಗಳ ಜಾಗದಲ್ಲಿ ನಮ್ಮ ಕರಾವಳಿಯ ನದಿಗಳಿಗೆ ಹೊಸ ಸೇತುವೆ ಯೋಜಿಸುವವರು ರಸ್ತೆಯ ವಾಹನಗಳನ್ನು ಎಣಿಸುವಂತೆಯೇ ಕೆಳಗಿನ ದೋಣಿಗಳನ್ನೂ ಎಣಿಸಬೇಕು. ಉಬ್ಬರದ ಹೊತ್ತಿನ ತೆರವು ಎಷ್ಟು, ಕಂಬದ ಬಳಿ ಹೂಳು ಎಲ್ಲಿ ಕೂಡುತ್ತದೆ ಎಂದು ಮೀನುಗಾರರನ್ನು ಕೇಳಬೇಕು. ಸೇತುವೆಯ ಆಯಸ್ಸು ನೂರು ವರ್ಷವಾದರೆ, ಇಂದು ಬರೆದ ಎತ್ತರ ನೂರು ವರ್ಷದ ದೋಣಿಗಳಿಗೆ ಕಾನೂನಾಗುತ್ತದೆ. ಆ ಲೆಕ್ಕವನ್ನು ಕಟ್ಟುವ ಮೊದಲೇ ಮಾಡಬೇಕು.